ಅಪ್‌ಡೇಟ್: ಶಿರಿಯ ಅಳಿವೆಯ ಮರುಭೂಮಿ ಹಕ್ಕಿ ದಾಖಲಾಯಿತು

ಕುಂಬಳೆ ಸಮೀಪ ಶಿರಿಯ ಅಳಿವೆಯ ಮರಳಿನಲ್ಲಿ ಕಂಡ ಮಣ್ಣುಬಣ್ಣದ ಹಕ್ಕಿ ಡೆಸರ್ಟ್ ವೀಟಿಯರ್ ಹೌದೇ, ದಾಖಲಿಸುವುದು ಹೇಗೆ ಎಂದು ಕೇಳಿದ್ದೆ. ಅದೇ! ಹಕ್ಕಿ ಕಂಡದ್ದನ್ನು ದಾಖಲಿಸುವ ಜಾಲತಾಣವಾದ ಇ-ಬರ್ಡ್‌ನ ಪರಿಶೀಲಕರು ಒಪ್ಪಿದ್ದಾರೆ. ಚಳಿಗಾಲವನ್ನು ರಾಜಸ್ಥಾನ, ಗುಜರಾತಿನ ಒಣನೆಲದಲ್ಲಿ ಕಳೆಯುವ ಹಕ್ಕಿ ನಮ್ಮ ಕಾಸರಗೋಡಿನಲ್ಲಿ!

ಫಲಿಸಿದ್ದು ಹಾರುವಾಗ ಬಾಲದ ಚಿತ್ರ ತೆಗೆಯಿರಿ ಎಂಬ ಸಲಹೆ. ಕೊಟ್ಟ ಹಿರಿಯರಿಗೆ ನಮಸ್ಕಾರ. ಬಾಲ ಹೆಚ್ಚುಕಡಿಮೆ ಬುಡದವರೆಗೂ ಕಪ್ಪು. ಇದನ್ನೇ ಹೋಲುವ ಇಸಾಬೆಲ್ಲೈನ್ ವೀಟಿಯರ್‌ಗೆ ಬಾಲದ ಬುಡದ ಇಕ್ಕೆಲಗಳಲ್ಲಿ ಬಿಳಿ ಇರುತ್ತದೆ. ಕುಳಿತ ಹಕ್ಕಿಯ ಚಿತ್ರಗಳನ್ನು ಹಕ್ಕಿ ಗುರುತಿಸುವ ಆ್ಯಪ್‌ಗೆ ಕೊಟ್ಟರೆ ಒಂದೊಂದಕ್ಕೆ ಒಂದೊಂದು ಹೆಸರು ಬಂತು. ಕೂಗು ರೆಕಾರ್ಡ್ ಮಾಡಲು ಕಡಲ ಗಾಳಿ ಬಿಡಲಿಲ್ಲ.

ಅಚ್ಚರಿಯೆಂದರೆ, ಪರಿಶೀಲನೆ ಮುಗಿಯುವವರೆಗೆ ದಾಖಲೆ ನಮ್ಮ ಪಟ್ಟಿಯಲ್ಲಿದ್ದರೂ ಸಾರ್ವಜನಿಕ ನಕ್ಷೆಯಲ್ಲಿ ಕಾಣುವುದಿಲ್ಲ. ಗಾಬರಿಪಡಬೇಡಿ. ಚಿತ್ರದ ಜೊತೆ ಗುರುತಿಸಿದ ಲಕ್ಷಣಗಳನ್ನೂ ನಾಲ್ಕು ಸಾಲು ಬರೆಯಿರಿ.