ವಚನ, ಕೀರ್ತನೆಗಳಲ್ಲಿ ‘ಮನೆ’ ಅಂದರೆ ಏನು?

ಪ್ರಶ್ನೆ:
ಹಬ್ಬಕ್ಕೆ ಊರಿಗೆ ಹೋಗಿದ್ದೆ. ಅಜ್ಜಿ ಹೋದ ಮೇಲೆ ಬೀಗ ಹಾಕಿದ್ದ ಮನೆ, ಹೊಸ್ತಿಲ ಸಂದಿಯಲ್ಲಿ ಹುಲ್ಲು ಬಂದಿತ್ತು. ತಕ್ಷಣ ಬಸವಣ್ಣನ ‘ಮನೆಯೊಳಗೆ ಮನೆಯೊಡೆಯನಿದ್ದಾನೊ ಇಲ್ಲವೊ’ ನೆನಪಾಯಿತು. ಅಲ್ಲಿ ಮನೆ ಅಂದರೆ ದೇಹವಾ, ಮನಸ್ಸಾ?

ಉತ್ತರ 1:
ಎರಡೂ. ಮೊದಲು ಹೊಸ್ತಿಲ ಹುಲ್ಲು, ಒಳಗಿನ ಧೂಳು ತೋರಿಸಿ, ಆಮೇಲೆ ತನುವಿನಲ್ಲಿ ಹುಸಿ, ಮನದಲ್ಲಿ ವಿಷಯ (ಇಂದ್ರಿಯಸುಖದ ಆಸೆ) ಅಂತ ನೇರವಾಗಿ ಹೇಳುತ್ತಾರೆ. ನನಗೆ ಇಷ್ಟವಾಗುವುದು, ಶುರುವಿನಲ್ಲಿ ‘ಇದ್ದಾನೊ ಇಲ್ಲವೊ’ ಅಂತ ಅನುಮಾನ, ಕೊನೆಗೆ ‘ಇಲ್ಲ’ ಅಂತ ತೀರ್ಪು. ಪಕ್ಕದ ಮನೆಯವರು ಹೊರಗೆ ನಿಂತು ಇಣುಕಿ ನೋಡಿದ ಹಾಗೆ ಇದೆ ಅಲ್ವಾ? ಗುಡಿಸದ ಮನೆ ಯಾರಿಗೆ ಗೊತ್ತಿಲ್ಲ!

ಉತ್ತರ 2:
ಅಕ್ಕಮಹಾದೇವಿಯ ಮನೆ ಬೇರೆ. ಬೆಟ್ಟದ ಮೇಲೆ ಮನೆ ಮಾಡಿ ಮೃಗಗಳಿಗೆ ಹೆದರಿದರೆ ಹೇಗೆ ಅಂತ ಕೇಳುತ್ತಾಳೆ. ಅದು ದೇಹವಲ್ಲ, ಲೋಕದಲ್ಲಿ ಬದುಕುವುದು, ಸ್ತುತಿ ನಿಂದೆ ಕೇಳಿಸಿಕೊಳ್ಳುವುದು. ಪುರಂದರದಾಸರಿಗೋ ಇದು ಮನೆಯೇ ಅಲ್ಲ, ‘ಅಲ್ಲಿದೆ ನಮ್ಮ ಮನೆ’, ಇಲ್ಲಿಗೆ ಸುಮ್ನೆ ಬಂದದ್ದು.

ಉತ್ತರ 3:
ಬುದ್ಧನ ಮಾತುಗಳ ಸಂಗ್ರಹ ಧಮ್ಮಪದವನ್ನೂ ನೋಡಿ. ಅಲ್ಲಿ ಬುದ್ಧ ಮನೆ ಕಟ್ಟುವವನನ್ನೇ ಹಿಡಿಯುತ್ತಾನೆ. ಆ ಮೇಸ್ತ್ರಿ ನಮ್ಮ ಆಸೆ. ನೀನು ಸಿಕ್ಕಿಬಿದ್ದೆ, ಜಂತಿ ಮುರಿಯಿತು, ಇನ್ನು ನೀನು ಮನೆ ಕಟ್ಟಲಾರೆ ಅಂತ ಬುದ್ಧ ಅವನಿಗೆ ಹೇಳುತ್ತಾನೆ. ಕುವೆಂಪು ‘ಅನಿಕೇತನ’ ಅಂದದ್ದೂ ಮನೆ ಇಲ್ಲದವನು ಅನ್ನುವ ಅರ್ಥದಲ್ಲೇ, ಆದರೆ ಅಲ್ಲಿ ವೈರಾಗ್ಯಕ್ಕಿಂತ ಬೆಳೆಯುವ ಆಸೆ ಜಾಸ್ತಿ ಅನ್ನಿಸುತ್ತದೆ.

ಪ್ರಶ್ನೆ ಕೇಳಿದವರು:
ಮೇಸ್ತ್ರಿ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್. ಹುಲ್ಲು ಮಾತ್ರ ಕಿತ್ತು ಬಂದೆ.