ಹನ್ನೊಂದು ಪರ್ಸೆಂಟಿನ ಅಜ್ಜ

ಬೋಪಣ್ಣ ಬಾಯಿ ತೆರೆಯದೆ ನಮ್ಮನ್ನು ಬರಮಾಡಿಕೊಂಡ. ಕಣ್ಣಲ್ಲೇ ಕುರ್ಚಿ ತೋರಿಸಿದ. ಎರಡೂ ಕೆನ್ನೆ ಊದಿದ್ದವು. ಒಳಗೆ ಏನೋ ಗುಳುಗುಳು ಅನ್ನುತ್ತಿತ್ತು. ಹೊರಗೆ ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆ, ಜಗಲಿಯಲ್ಲಿ ಈ ಮಳೆ.

"ಹಲ್ಲು ನೋವಾ?" ಮೊಯ್ದು ಕೇಳಿದ.

ಬೋಪಣ್ಣ ಕೈಯೆತ್ತಿ ತಡೆದ. ಗೋಡೆ ಗಡಿಯಾರ ನೋಡಿದ. ನಾವು ಮೂವರೂ ಗಡಿಯಾರ ನೋಡಿದೆವು. ಕೊನೆಗೆ ಎದ್ದು ಹೋಗಿ ದಾಸವಾಳದ ಬುಡಕ್ಕೆ ಉಗಿದು ಬಂದ.

"ತೆಂಗಿನೆಣ್ಣೆ. ಇಪ್ಪತ್ತು ನಿಮಿಷ ಬಾಯಲ್ಲಿ ಇಟ್ಕೊಂಡು ಮುಕ್ಕಳಿಸ್ಬೇಕು. ಇವತ್ತಿಗೆ ಹದಿನೈದು ದಿನ. ಬ್ರಶ್ಶು, ಪೇಸ್ಟು ಎರಡನ್ನೂ ಒಲೆಗೆ ಹಾಕಿದೆ."

"ಪ್ಲಾಸ್ಟಿಕ್ ಒಲೆಗೆ ಹಾಕಿದ್ಯಾ? ಆ ಹೊಗೆ ಕುಡಿದ ಶ್ವಾಸಕೋಶಕ್ಕೆ ಯಾವ ಎಣ್ಣೆ?" ಅಂದೆ.

"ತೆಂಗಿನೆಣ್ಣೆ ರೇಟು ಗೊತ್ತುಂಟಾ ನಿನಗೆ? ದಾಸವಾಳಕ್ಕೆ ಉಗಿತೀಯಲ್ಲ!" ಅಂದ ಮೊಯ್ದು. ಅಂಗಡಿ ಇಟ್ಟವನಿಗೆ ಅವನದೇ ಸಂಕಟ.

"ನೀವು ನಗಿ," ಅಂದ ಬೋಪಣ್ಣ. "ನಮ್ಮ ಅಜ್ಜ ಜನ್ಮದಲ್ಲಿ ಬ್ರಶ್ಶು ಮುಟ್ಟಿದವರಲ್ಲ. ಎಂಬತ್ತೆರಡು ವರ್ಷ ಇದ್ದರು. ಹೋಗುವಾಗ ಮೂವತ್ತೆರಡು ಹಲ್ಲೂ ಇತ್ತು. ಹಂದಿ ಮೂಳೆ ಕಟಕಟ ಅಂತ ಕಡೀತಿದ್ರು. ನಾನೇ ಕೇಳಿದ್ದೇನೆ."

ನನಗೆ ಸಿಟ್ಟು ಬರುವುದೇ ಇಲ್ಲಿ. ಎಣ್ಣೆ ಮುಕ್ಕಳಿಸುವುದು ಹಳೇ ಪದ್ಧತಿಯೇ. ಆಯುರ್ವೇದದಲ್ಲಿ ಅದಕ್ಕೆ ಗಂಡೂಷ ಅಂತ ಹೆಸರೂ ಇದೆ. ಬೇಕಾದವರು ಮಾಡಿಕೊಳ್ಳಲಿ. ಆದರೆ ಯಾವ ಹೊಸ ಹುಚ್ಚು ಬಂದರೂ ಸಾಕ್ಷಿ ಹೇಳಲು ಪಾಪ ಅಜ್ಜನೇ ಬರಬೇಕು. ಸಿರಿಧಾನ್ಯಕ್ಕೆ ಅಜ್ಜ, ಬರಿಗಾಲಿಗೆ ಅಜ್ಜ, ತಣ್ಣೀರು ಸ್ನಾನಕ್ಕೆ ಅಜ್ಜ. ಬದುಕಿದ್ದಾಗ ಅವರ ಮಾತನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ. ಈಗ ಎಲ್ಲ ವಿಡಿಯೊಗೂ ಅವರೇ ಪ್ರಮಾಣ. ಪಾಟೀಸವಾಲು ಮಾಡೋಣ ಅಂದರೆ ಸಾಕ್ಷಿ ತೀರಿಹೋಗಿದ್ದಾರೆ.

ಅಷ್ಟರಲ್ಲಿ ದಾಸವಾಳದ ಕಡೆ ಬಗ್ಗಿ ನೋಡಿದ್ದ ಕುಶಾಲಪ್ಪ ಬಂದು ಕೂತ. "ಬೋಪಣ್ಣ, ನೀನು ಉಗಿದದ್ದು ಕೆಂಪಗಿದೆಯಲ್ಲ ಮಾರಾಯ."

"ಇರಬೇಕು! ವಿಷ ಹೊರಗೆ ಹೋಗ್ತಾ ಇದೆ. ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ತಿಂತೇವೆ. ಆಮೇಲೆ ಉಚ್ಚೆ ಕೆಂಪಗೆ ಬರ್ತದೆ ಅಲ್ವಾ? ಮದ್ದು ಹತ್ತಿದೆ ಅಂತ ಅರ್ಥ ತಾನೇ? ಇದೂ ಹಾಗೇ."

"ಅಲ್ಲಿ ಕೆಂಪಗೆ ಬರೋದು ಸೊಪ್ಪು," ಅಂದೆ. "ಇಲ್ಲಿ ಕೆಂಪಗೆ ಬರ್ತಾ ಇರೋದು ನೀನು."

ನನ್ನ ತಂಗಿ ಮಗಳು ವಿರಾಜಪೇಟೆಯಲ್ಲಿ ಹಲ್ಲಿನ ಡಾಕ್ಟರಿಕೆ ಓದುತ್ತಾಳೆ. ರಜೆಗೆ ಬಂದರೆ ನನ್ನ ಬಾಯಿಯೇ ಅವಳ ಹೋಂವರ್ಕು. ಹಾಗಾಗಿ ಒಸಡಿನ ವಿಷಯದಲ್ಲಿ ನಾನು ಅರ್ಧ ಪಂಡಿತ. ಅರ್ಧ ಪಂಡಿತನಷ್ಟು ಮಾತಾಡುವವನು ಬೇರೆ ಯಾರಿದ್ದಾನೆ?

"ನೋಡು, ಹಲ್ಲಿನ ಬುಡದಲ್ಲಿ ದಿನಾ ಒಂದು ಅಂಟು ಪದರ ಕೂರ್ತದೆ. ಪ್ಲಾಕ್ ಅಂತಾರೆ. ಪೂರ್ತಿ ಬ್ಯಾಕ್ಟೀರಿಯಾ. ತೆಗೀದೇ ಬಿಟ್ರೆ ಒಸಡು ಊದ್ತದೆ, ರಕ್ತ ಬರ್ತದೆ. ಹಾಗೇ ಬಿಟ್ರೆ ಕೆಲವರಿಗೆ ಒಳಗಿನ ಮೂಳೆ ಕರಗ್ತದೆ. ಆಮೇಲೆ ಹಲ್ಲು ಅಲ್ಲಾಡ್ತದೆ. ಈಗ ಹೇಳು. ಮಳೆಗಾಲದಲ್ಲಿ ನಿನ್ನ ಮನೆ ಮೆಟ್ಟಿಲಿಗೆ ಪಾಚಿ ಹಿಡಿದ್ರೆ ಏನು ಮಾಡ್ತೀಯ? ಎಣ್ಣೆ ಸುರೀತೀಯಾ? ಕಡ್ಡಿ ಪೊರಕೆ ತಗೊಂಡು ಉಜ್ತೀಯಾ?"

ಬೋಪಣ್ಣ ಮೆಟ್ಟಿಲ ಕಡೆ ನೋಡಿದ. ಅಲ್ಲಿಯೂ ಪಾಚಿ ಹಿಡಿದಿತ್ತು. ಹೋಲಿಕೆ ಕೆಲಸ ಮಾಡಲಿಲ್ಲ.

"ಹೋಗಲಿ. 1965ರಲ್ಲಿ ಹರಾಲ್ಡ್ ಲೋ ಅಂತ ವಿಜ್ಞಾನಿ ಡೆನ್ಮಾರ್ಕಿನಲ್ಲಿ ಇದನ್ನೇ ಮಾಡಿಸಿದ. ಹನ್ನೆರಡು ಜನ, ಒಳ್ಳೇ ಒಸಡಿನವರು. ಹೆಚ್ಚಿನವರು ಹಲ್ಲಿನ ಡಾಕ್ಟರಿಕೆ ಕಲಿಯೋ ಹುಡುಗರೇ. ಹಲ್ಲುಜ್ಜೋದು ನಿಲ್ಸಿ ಅಂದ. ಹತ್ತರಿಂದ ಇಪ್ಪತ್ತೊಂದು ದಿನದ ಒಳಗೆ ಹನ್ನೆರಡೂ ಜನರ ಒಸಡು ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಯಾಯಿತು. ನಿನ್ನದು ಹದಿನೈದನೇ ದಿನ ಅಲ್ವಾ? ಸಿಲಬಸ್ ಪ್ರಕಾರವೇ ಹೋಗ್ತಾ ಇದ್ದೀಯ."

"ಹುಡುಗರ ಒಸಡು ಬೇರೆ, ತೋಟದವರ ಒಸಡು ಬೇರೆ."

"ತೋಟದವರದ್ದೂ ನೋಡಿದಾರೆ ಮಾರಾಯ. ಅದೇ ಲೋ. ಶ್ರೀಲಂಕಾದ ಟೀ ತೋಟದ 480 ಗಂಡಾಳುಗಳು. 1970ರಿಂದ ಹದಿನೈದು ವರ್ಷ ಅವರ ಬಾಯಿ ನೋಡಿ ನೋಡಿ ಬರೆದಿಟ್ಟರು. ಬ್ರಶ್ಶಿಲ್ಲ, ಪೇಸ್ಟಿಲ್ಲ. ಹುಳುಕು ಹಲ್ಲು ಇಲ್ಲವೇ ಇಲ್ಲ ಅನ್ನಬಹುದು, ಅಷ್ಟು ಕಮ್ಮಿ. ಆದ್ರೆ ಸುಮಾರು 8 ಪರ್ಸೆಂಟ್ ಜನರಿಗೆ ಒಸಡಿನ ರೋಗ ಓಡಿಕೊಂಡು ಬಂತು, 45ಕ್ಕೆಲ್ಲ ಬಾಯಿ ಖಾಲಿ. 81 ಪರ್ಸೆಂಟಿಗೆ ನಡ್ಕೊಂಡು ಬಂತು. ಉಳಿದ 11 ಪರ್ಸೆಂಟಿಗೆ ಒಸಡು ಊದಿತು, ಅಷ್ಟೇ. ಅಲ್ಲಿಂದ ಮುಂದೆ ಹೋಗಲಿಲ್ಲ."

ಕೊನೆಯ ವಾಕ್ಯ ಹೇಳಬಾರದಿತ್ತು. ಬೋಪಣ್ಣ ಕುರ್ಚಿಯಿಂದ ಎದ್ದೇಬಿಟ್ಟ.

"ನಮ್ಮ ಅಜ್ಜ ಆ ಹನ್ನೊಂದರಲ್ಲಿ!"

"ನಮ್ಮ ಉಪ್ಪಾಪ್ಪನೂ ಅದರಲ್ಲೇ," ಅಂದ ಮೊಯ್ದು.

"ನಾನೂ ಇರಬಹುದು," ಅಂದ ಕುಶಾಲಪ್ಪ, ಬೆಲ್ಲದ ಅಚ್ಚು ಮುರಿಯುತ್ತಾ. ಅವನಿಗೆ ಶುಗರ್ ಇದೆ. ಶುಗರ್ ಏರಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಶುಗರ್ ಹಿಡಿತಕ್ಕೆ ಬರುವುದು ಕಷ್ಟ. ಇದನ್ನೂ ಹೇಳಿದೆ. ಅವನು ಬೆಲ್ಲವನ್ನು ಬಾಯಿಯ ಇನ್ನೊಂದು ಪಕ್ಕಕ್ಕೆ ಸರಿಸಿದ.

"ನಾವು ಇಲ್ಲಿ ನಾಲ್ಕು ಜನ," ಅಂದೆ. "ಹನ್ನೊಂದು ಪರ್ಸೆಂಟ್ ಅಂದ್ರೆ ಅರ್ಧ ಆಳೂ ಆಗಲ್ಲ. ಯಾರ ಅರ್ಧ, ಯಾವ ಅರ್ಧ ಅಂತ ಮೊದಲು ತೀರ್ಮಾನ ಮಾಡಿ. ಆಮೇಲೆ ಅಜ್ಜಂದಿರನ್ನ ಸೇರಿಸಿ."

ಮೊಯ್ದು ನಗಲಿಲ್ಲ. "ಅಲ್ಲ, ಹದಿನೈದು ವರ್ಷ ಹಲ್ಲು ಎಣಿಸಿದವರು ಆ ಆಳುಗಳಿಗೆ ಒಂದೊಂದು ಬ್ರಶ್ಶು ಕೊಡಬಹುದಿತ್ತು ಅಲ್ವಾ?"

ಯಾರೂ ಮಾತಾಡಲಿಲ್ಲ. ಕೆಳಗೆ ತೋಟದ ಆಳುಗಳ ಲೈನ್ ಮನೆಗಳಿಂದ ಹೊಗೆ ಏಳಲಾರದೆ ಏಳುತ್ತಿತ್ತು.

"ಬ್ರಶ್ಶು ಸರಿ," ಅಂದ ಕುಶಾಲಪ್ಪ, "ಆದ್ರೆ ಡಾಕ್ಟರ್ ಹತ್ರ ಮಾತ್ರ ನಾನು ಹೋಗಲ್ಲ. ಆ ಇಕ್ಕಳ ಎಷ್ಟು ಜನರ ಬಾಯಿ ನೋಡಿರ್ತದೋ."

"ಪ್ರೆಶರ್ ಕುಕ್ಕರ್ ತರದ್ದೊಂದು ಇರ್ತದೆ, ಆಟೋಕ್ಲೇವ್ ಅಂತ. 121 ಡಿಗ್ರಿ ಹಬೆಯಲ್ಲಿ ಬೇಯ್ಸಿ, ಪೊಟ್ಟಣದಲ್ಲಿ ಮುಚ್ಚಿಟ್ಟಿರ್ತಾರೆ. ನಿನ್ನ ಎದುರೇ ಬಿಚ್ಚಿ ಅಂತ ಕೇಳು. ಪೊಟ್ಟಣದ ಮೇಲಿನ ಗುರುತು ಬಣ್ಣ ತಿರುಗಿದೆಯಾ ನೋಡು. ನೀನು ಈಗ ಕುಡೀತಿರೋ ಲೋಟಕ್ಕೆ ಆ ಭಾಗ್ಯ ಇಲ್ಲ."

ಕುಶಾಲಪ್ಪ ಲೋಟವನ್ನು ಒಮ್ಮೆ ತಿರುಗಿಸಿ ನೋಡಿ, ಕುಡಿದ.

ಲೋಟ ನೋಡಿ ನನಗೆ ಲ್ಯೂವೆನ್‌ಹುಕ್ ನೆನಪಾದ. ಅವನ ಕಥೆಯನ್ನೂ ಹೇಳಿದೆ. ಹಾಲೆಂಡಿನ ಬಟ್ಟೆ ವ್ಯಾಪಾರಿ. ದಿನಾ ಉಪ್ಪಲ್ಲಿ ಹಲ್ಲು ತಿಕ್ಕಿ, ಬಟ್ಟೆಯಲ್ಲಿ ಒರೆಸುತ್ತಿದ್ದ ಶಿಸ್ತಿನ ಮನುಷ್ಯ. 1683ರಲ್ಲಿ ಅಂಥವನೇ ತನ್ನ ಹಲ್ಲಿನ ಸಂದಿಯ ಬಿಳಿ ಕೆರೆದು ಭೂತಗನ್ನಡಿಯಲ್ಲಿ ನೋಡಿದರೆ, ಪುಟ್ಟ ಪುಟ್ಟ ಜೀವಿಗಳು ಕುಣಿಯುತ್ತಿವೆ! ನಮ್ಮ ದೇಶದ ಜನರಿಗಿಂತ ಜಾಸ್ತಿ ಜೀವಿಗಳು ನನ್ನ ಬಾಯಲ್ಲೇ ಇವೆ ಅಂತ ಬರೆದ. ಎಷ್ಟೋ ವರ್ಷ ಆದ ಮೇಲೆ ಮತ್ತೆ ಕೆರೆದರೆ ಮುಂದಿನ ಹಲ್ಲಲ್ಲಿ ಒಂದೂ ಜೀವಂತ ಇಲ್ಲ. ಬೆಳಿಗ್ಗೆ ಬೆಳಿಗ್ಗೆ ಸುಡುಸುಡು ಕಾಫಿ ಕುಡಿಯುತ್ತೇನಲ್ಲ, ಅದಕ್ಕೇ ಸತ್ತಿರಬೇಕು ಅಂದುಕೊಂಡ.

"ಕಾಫಿಯಾ!" ಅಂದರು ಮೂವರೂ. ನಾಲ್ಕು ತಲೆಮಾರಿನಿಂದ ಕಾಫಿ ಬೆಳೆದವರಿಗೆ ಈಗ ಗೌರವ ಬಂತು. "ಇದನ್ನ ಮೊದಲೇ ಹೇಳೋದಲ್ವಾ ಮಾರಾಯ! ಕಾಫಿ ಬೋರ್ಡಿಗೆ ಗೊತ್ತುಂಟಾ?"

"ಹಿಂದಿನ ಹಲ್ಲಲ್ಲಿ ಆರಾಮಾಗಿ ಬದುಕಿದ್ದವು," ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಇನ್ನೊಂದು ಸುತ್ತು ಬೆಲ್ಲದ ಕಾಫಿ ತಂದ ಬೋಪಣ್ಣನ ಅವ್ವ ಬಾಗಿಲಲ್ಲೇ ನಿಂತಿದ್ದರು. ಬೋಪಣ್ಣ ಕೊನೆಯ ಅಸ್ತ್ರ ತೆಗೆದ.

"ಅವ್ವಾ, ಇವನಿಗೆ ಹೇಳಿ. ಅಜ್ಜನಿಗೆ ಮೂವತ್ತೆರಡು ಹಲ್ಲೂ ಇತ್ತು ತಾನೇ?"

ಅವ್ವ ಮಾತಾಡದೆ ಒಳಗೆ ಹೋದರು. ಪಾತ್ರೆ ಸರಿಸಿದ ಸದ್ದಾಯಿತು. ಬಂದು ಟೀಪಾಯಿ ಮೇಲೆ ಒಂದು ಹಿತ್ತಾಳೆ ಕುಟ್ಟಾಣಿ ಇಟ್ಟರು. ಮುಷ್ಟಿಯಷ್ಟು ದೊಡ್ಡದು. ಎಲೆ ಅಡಿಕೆ ಕುಟ್ಟುವಂಥದ್ದು.

"ಮೂವತ್ತೆರಡು ಹಲ್ಲು ಇದ್ದವರಿಗೆ ಇದು ಯಾಕೆ?"

ಜಗಲಿಯಲ್ಲಿ ಮಳೆ ಸದ್ದು ಮಾತ್ರ.

"ನಾಲ್ಕೇ ಇದ್ದದ್ದು. ಎದುರಿಗೆ ಎರಡು, ಪಕ್ಕದಲ್ಲಿ ಎರಡು."

"ಮತ್ತೆ ಮೂಳೆ? ಕಟಕಟ ಅಂತ..."

"ಕಡೀತಿದ್ದದ್ದು ನಾಯಿ. ಅಜ್ಜ ತಟ್ಟೆಯಿಂದ ತೆಗೆದು ಅದಕ್ಕೆ ಹಾಕ್ತಿದ್ರು. ನೀನು ಒಳಗೆ ಮಲಗಿ ಕೇಳ್ತಿದ್ದೆ."

ಮೊಯ್ದು ನಗು ತಡೆಯಲು ಹೋಗಿ ಕಾಫಿ ನೆತ್ತಿಗೆ ಹತ್ತಿಸಿಕೊಂಡ. ನಾನು ಇಂಥ ಗೆಲುವಿಗಾಗಿ ಒಂದು ಗಂಟೆಯಿಂದ ಗಂಟಲು ಹರಿದುಕೊಂಡಿದ್ದೆ. ಆದರೂ ಬೋಪಣ್ಣನ ಮುಖ ನೋಡಿ ಸುಮ್ಮನಾದೆ.

ಅವನು ಕುಟ್ಟಾಣಿ ಎತ್ತಿಕೊಂಡು ಒಳಗೆ ಇಣುಕಿದ. ತಳದಲ್ಲಿ ಸುಣ್ಣ ಒಣಗಿ ಬೆಳ್ಳಗೆ ಕೂತಿತ್ತು. ಮೂಸಿದ.

"ನಾನೇ ಅಲ್ವಾ ಕುಟ್ತಿದ್ದದ್ದು?"

"ನೀನೇ. ಸಂಜೆ ಶಾಲೆಯಿಂದ ಬಂದವನೇ. ಕುಟ್ಟಿದ್ದಕ್ಕೆ ಒಂದು ತುಂಡು ಬೆಲ್ಲ ಕೂಲಿ."

"ಇನ್ನೂ ಸಣ್ಣಕೆ ಕುಟ್ಟು ಕುಂಞಿ, ಇನ್ನೂ ಸಣ್ಣಕೆ, ಅಂತಿದ್ರು," ಅಂದ ಬೋಪಣ್ಣ. ನಮಗಲ್ಲ. ಖಾಲಿ ಕುಟ್ಟಾಣಿಯಲ್ಲಿ ಒಂದೆರಡು ಸಲ ಕುಟ್ಟಿದ. ಟಕ್, ಟಕ್. ಬೆಂಚಿನ ಅಡಿಯಲ್ಲಿ ಮಲಗಿದ್ದ ನಾಯಿ ತಲೆಯೆತ್ತಿ ನೋಡಿ ಮತ್ತೆ ಮಲಗಿತು.

ಸ್ವಲ್ಪ ಹೊತ್ತಿನ ಮೇಲೆ ಮೊಯ್ದು ಕೊಡೆ ಬಿಡಿಸಿದ. "ನಾಳೆ ಬರುವಾಗ ಅಂಗಡಿಯಿಂದ ಒಂದು ಬ್ರಶ್ಶು ತರ್ತೇನೆ ಬೋಪಣ್ಣ. ಮೆತ್ತಗಿನದು."

"ಎರಡು ತಾ," ಅಂದ ಕುಶಾಲಪ್ಪ. "ನಾನೂ ಹನ್ನೊಂದರಲ್ಲಿ ಇಲ್ಲ ಅಂತ ಕಾಣ್ತದೆ."