ಬರವಣಿಗೆ ಹುಟ್ಟಿದ್ದು ಕಾನೂನಿಗಾ, ಸಾಲದ ಲೆಕ್ಕಕ್ಕಾ?

ವಿಜಯನಗರ_ಬಿಸಿಲು ಕೇಳಿದ್ದು:

ನಿನ್ನೆ ರಾತ್ರಿ ಊಟದ ಹೊತ್ತಿಗೆ ಮಗಳ ಎದುರು ಮಾನ ಹೋಯಿತು. ಎಂಟನೇ ಕ್ಲಾಸು, ಹಳೆಯ ನಾಗರಿಕತೆಗಳ ಪಾಠ ನಡೀತಾ ಇದೆ. ನಾನು ಎಲ್ಲಾ ಗೊತ್ತಿರುವವನ ಹಾಗೆ, ರಾಜರಿಗೆ ಕಾನೂನು ಬರೆದಿಡಬೇಕಿತ್ತು, ಅದಕ್ಕೇ ಅಕ್ಷರ ಕಂಡುಹಿಡಿದರು, ಕಾನೂನು ಬರೆಸಿದ ಬ್ಯಾಬಿಲೋನಿನ ರಾಜ ಹಮ್ಮುರಾಬಿಯನ್ನೇ ನೋಡು ಅಂದುಬಿಟ್ಟೆ. "ಅಪ್ಪಾ, ಅವನಿಗಿಂತ ಸಾವಿರ ವರ್ಷ ಮೊದಲೇ ಬರೀತಿದ್ದರಂತೆ, ಹಾಗಾದ್ರೆ ಏನು ಬರೀತಿದ್ದರು?" ಅಂದಳು. ಇನ್ನೊಂದು ಸೌಟು ಸಾರು ಹಾಕಿಸಿಕೊಂಡು ಸುಮ್ಮನಾದೆ.

ಗೊತ್ತಿರುವವರು ಹೇಳಿ. ಮತ್ತೆ ಈ ಹಮ್ಮುರಾಬಿ ಅಂದರೆ ಕಣ್ಣಿಗೆ ಕಣ್ಣು ಅಷ್ಟೇನಾ? ಮನೆ ಕಟ್ಟುವವರಿಗೂ ಅವನ ಕಾನೂನಿತ್ತು ಅಂತ ಎಲ್ಲೋ ಓದಿದ ನೆನಪು. ನಮ್ಮ ಮೇಲಿನ ಮಹಡಿ ಕಟ್ಟಿ ಎರಡು ವರ್ಷ ಆಗಿಲ್ಲ, ಆಗಲೇ ಗೋಡೆ ಬಿರುಕು ಬಿಟ್ಟಿದೆ. ಕಂಟ್ರಾಕ್ಟರ್ ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕುತೂಹಲ.

ಕಲ್ಲು_ಹುಡುಕುವವ:

ಮಗಳು ಗೆದ್ದಳು ಬಿಡಿ. ಸಿಕ್ಕಿರುವುದರಲ್ಲಿ ತೀರಾ ಹಳೆಯ ಬರಹಗಳು ಉರುಕ್ ಅನ್ನುವ ಊರಿನವು. ಈಗಿನ ಇರಾಕಿನ ದಕ್ಷಿಣ ಭಾಗ, ಹೆಚ್ಚುಕಡಿಮೆ ಕ್ರಿ.ಪೂ. 3300ರಿಂದ 3100. ಅವುಗಳಲ್ಲಿ ರಾಜನ ಹೊಗಳಿಕೆ ಇಲ್ಲ, ಕಥೆ ಇಲ್ಲ, ಕಾನೂನೂ ಇಲ್ಲ. ಬಹುಪಾಲು ಲೆಕ್ಕವೇ. ಇಷ್ಟು ಬಾರ್ಲಿ ಬಂತು, ಇಷ್ಟು ಕುರಿ ಹೋಯಿತು, ಬಿಯರ್ ಮಾಡುವುದಕ್ಕೆ ಇಷ್ಟು ಧಾನ್ಯ ಕೊಟ್ಟೆ. ಉಳಿದ ಸ್ವಲ್ಪ, ಬರೆಯಲು ಕಲಿಯುವವರಿಗೆ ಮಾಡಿದ ಪದಗಳ ಪಟ್ಟಿ. ಒಂದು ಜೇಡಿಮಣ್ಣಿನ ಹಲಗೆಯಲ್ಲಿ 29,086 ಅಳತೆ ಬಾರ್ಲಿ, 37 ತಿಂಗಳು, ಕುಶಿಮ್ ಅಂತಿದೆ. ಈ ಕುಶಿಮ್ ಅನ್ನುವುದು ಆಸಾಮಿಯ ಹೆಸರೋ ಹುದ್ದೆಯ ಹೆಸರೋ ಅನ್ನುವ ವಾದ ಇನ್ನೂ ಮುಗಿದಿಲ್ಲ. ಹೆಸರೇ ಆಗಿದ್ದರೆ, ನಮಗೆ ಹೆಸರು ಗೊತ್ತಿರುವ ಅತಿ ಹಳೆಯ ಮನುಷ್ಯರಲ್ಲಿ ಒಬ್ಬ ಉಗ್ರಾಣದ ಗುಮಾಸ್ತ!

ಅದಕ್ಕೂ ಮೊದಲು ಲೆಕ್ಕಕ್ಕೆ ಗೋಲಿಯಷ್ಟು ಸಣ್ಣ ಮಣ್ಣಿನ ಬಿಲ್ಲೆಗಳು ಇದ್ದವು. ಅವನ್ನು ಟೊಳ್ಳು ಮಣ್ಣಿನ ಉಂಡೆಯೊಳಗೆ ಹಾಕಿ ಮುಚ್ಚುತ್ತಿದ್ದರು. ಒಳಗೆ ಎಷ್ಟಿದೆ ಅಂತ ಒಡೆಯದೆ ಗೊತ್ತಾಗಲಿ ಅಂತ ಹೊರಗೂ ಒತ್ತಿ ಗುರುತು ಮಾಡತೊಡಗಿದರು. ಹೊರಗೇ ಗುರುತಿದ್ದ ಮೇಲೆ ಒಳಗೆ ಬಿಲ್ಲೆ ಯಾಕೆ? ಉಂಡೆ ಚಪ್ಪಟೆಯಾಗಿ ಹಲಗೆಯಾಯಿತು, ಬರವಣಿಗೆ ಬಂತು ಅಂತ ಡೆನಿಸ್ ಶ್ಮಾಂಟ್-ಬೆಸೆರಾ ಅನ್ನುವ ವಿದ್ವಾಂಸೆ ವಾದಿಸಿದರು. ಎಲ್ಲರೂ ಪೂರ್ತಿ ಒಪ್ಪಿಲ್ಲ, ಆದರೆ ನನಗೆ ಇದು ಇಷ್ಟ.

ಕಾನೂನು ಬರೆದದ್ದು ಇದಾಗಿ ಸಾವಿರ ವರ್ಷದ ಮೇಲೆ. ಸಿಕ್ಕಿರುವುದರಲ್ಲಿ ಹಳೆಯದು ಅದೇ ಕಡೆಯ ಉರ್ ಅನ್ನುವ ಊರಿನ ರಾಜ ಉರ್-ನಮ್ಮುವಿನದು, ಸುಮಾರು ಕ್ರಿ.ಪೂ. 2100. ಮಜಾ ಏನು ಗೊತ್ತಾ, ಅದರಲ್ಲಿ ಕಣ್ಣಿಗೆ ಕಣ್ಣು ಇಲ್ಲ. ಒಬ್ಬನ ಕಣ್ಣು ಕಿತ್ತರೆ ಅರ್ಧ ಮಿನ ಬೆಳ್ಳಿ ದಂಡ, ಅಂದರೆ ಕಾಲು ಕೆಜಿ ಹತ್ತಿರ. ಹಮ್ಮುರಾಬಿ ಬಂದದ್ದು ಅದಕ್ಕೂ 300 ವರ್ಷ ಆಮೇಲೆ. ಅವನಲ್ಲೂ ಕಣ್ಣಿಗೆ ಕಣ್ಣು ದೊಡ್ಡ ಮನುಷ್ಯರ ಕಣ್ಣಿಗೆ ಮಾತ್ರ. ಅವರಿಗಿಂತ ಕೆಳಗಿನವನ ಕಣ್ಣಾದರೆ ಒಂದು ಮಿನ ಬೆಳ್ಳಿ. ಗುಲಾಮನ ಕಣ್ಣಾದರೆ ಅವನ ಬೆಲೆಯಲ್ಲಿ ಅರ್ಧ, ಅದೂ ಯಜಮಾನನಿಗೆ.

ಮಲ್ಲೇಶ್ವರದವಳು:

ಎಲ್ಲಾ ಕಡೆ ಲೆಕ್ಕದಿಂದಲೇ ಶುರುವಾಯಿತು ಅಂತ ಮಗುವಿಗೆ ಹೇಳಬೇಡಿ ದಯವಿಟ್ಟು. ಚೀನಾದ ಆನ್ಯಾಂಗ್‌ನಲ್ಲಿ ಸಿಕ್ಕ ಹಳೆಯ ಬರಹ ಕ್ರಿ.ಪೂ. 1200ರ ಸುಮಾರಿನದು. ಆಮೆ ಚಿಪ್ಪು, ದನದ ಮೂಳೆ ಮೇಲೆ ಕೆತ್ತಿದ ಪ್ರಶ್ನೆಗಳು. ಮಳೆ ಬರುತ್ತದಾ, ಯುದ್ಧಕ್ಕೆ ಹೋಗಬಹುದಾ ಅಂತ ಶಕುನ ಕೇಳುವುದು. ಈಜಿಪ್ಟಿನ ಅಬಿಡೋಸ್‌ನಲ್ಲಿ ಒಂದು ಗೋರಿಯಲ್ಲಿ ಮೂಳೆ ಮತ್ತು ದಂತದ ಸಣ್ಣ ಸಣ್ಣ ಚೀಟಿಗಳು ಸಿಕ್ಕಿವೆ. ಸಾಮಾನಿಗೆ ಕಟ್ಟಲು ತೂತು ಇದೆ. ಅದು ಉರುಕ್‌ನಷ್ಟೇ ಹಳೆಯದು. ಇನ್ನು ನಮ್ಮ ಸಿಂಧೂ ಕಣಿವೆಯ ಮುದ್ರೆಗಳನ್ನು ಇವತ್ತಿಗೂ ಯಾರೂ ಎಲ್ಲರೂ ಒಪ್ಪುವ ಹಾಗೆ ಓದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ವಾರಕ್ಕೊಬ್ಬರು ಓದುತ್ತಾರೆ, ಅದು ಬೇರೆ ವಿಷಯ.

ಪತ್ರ_ಬರೆಯುವವ:

ಸಾರ್, ಸಬ್ ರಿಜಿಸ್ಟ್ರಾರ್ ಆಫೀಸಿನ ಪಕ್ಕ ಪತ್ರ ಬರೆಯುವುದು ನನ್ನ ಕಸುಬು. ಬಾಡಿಗೆ ಕರಾರು, ಕ್ರಯಪತ್ರ, ಸಾಲದ ಪತ್ರ. ಹಾಗಾಗಿ ಈ ಬ್ಯಾಬಿಲೋನಿನವರನ್ನು ಕಂಡರೆ ನನಗೆ ನಮ್ಮವರೇ ಅನ್ನಿಸುತ್ತದೆ.

ಹಮ್ಮುರಾಬಿಯಲ್ಲಿ ಮನೆಯ ಕಾನೂನು ಇದೆ, 228ನೇದರಿಂದ 233ನೇದರವರೆಗೆ. ಮೊದಲು ರೇಟು. ಒಂದು ಸಾರ್ ಮನೆಗೆ ಎರಡು ಶೆಕೆಲ್ ಬೆಳ್ಳಿ. ಸಾರ್ ಅಂದರೆ 36 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ನಾಲ್ಕು ಚದರಕ್ಕೆ ಸ್ವಲ್ಪ ಕಮ್ಮಿ. ಎರಡು ಶೆಕೆಲ್ ಅಂದರೆ 16–17 ಗ್ರಾಂ. ಆಗಲೂ ಚದರದ ಲೆಕ್ಕದಲ್ಲೇ ಮಾತಾಡುತ್ತಿದ್ದರು ನೋಡಿ! ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಸಾವು. ಯಜಮಾನನ ಮಗ ಸತ್ತರೆ ಕಟ್ಟಿದವನ ಮಗನಿಗೆ ಸಾವು, ಇದನ್ನು ಓದಿದಾಗ ಮೈ ಜುಮ್ ಅಂದಿತು, ಆ ಮಗ ಏನು ಪಾಪ ಮಾಡಿದ್ದ? ನಿಮಗೆ ಬೇಕಾದದ್ದು ಕೊನೆಯದು, 233. ಗೋಡೆ ವಾಲಿದರೆ ಕಟ್ಟಿದವನು ತನ್ನ ಕೈಯಿಂದ ದುಡ್ಡು ಹಾಕಿ ಗಟ್ಟಿ ಮಾಡಿಕೊಡಬೇಕು.

ಆದರೆ ನನಗೆ ಅತಿ ಇಷ್ಟ 48ನೇದು. ಸಾಲ ಮಾಡಿದವನ ಹೊಲ ಪ್ರವಾಹದಲ್ಲಿ ಕೊಚ್ಚಿಹೋದರೆ, ಇಲ್ಲ ನೀರಿಲ್ಲದೆ ಬೆಳೆ ಬರದಿದ್ದರೆ, ಆ ವರ್ಷ ಅವನು ಸಾಲದ ಧಾನ್ಯ ಕೊಡಬೇಕಾಗಿಲ್ಲ. ಹಲಗೆಯನ್ನು ಒದ್ದೆ ಮಾಡಿ ತಿದ್ದಿಕೊಳ್ಳಬಹುದು, ಬಡ್ಡಿಯೂ ಇಲ್ಲ. ಬಿಸಿಲಲ್ಲಿ ಒಣಗಿಸಿದ ಮಣ್ಣಲ್ವಾ, ನೆನೆಸಿದರೆ ಮೆತ್ತಗಾಗುತ್ತದೆ. ಧಾನ್ಯದ ಸಾಲಕ್ಕೆ ಬಡ್ಡಿ ಮೂರರಲ್ಲಿ ಒಂದು ಪಾಲು. ನಮ್ಮ ಮೂರು ರೂಪಾಯಿ ಬಡ್ಡಿಗೆ ಹತ್ತಿರ ಹತ್ತಿರ!

ಕೆಲವು ಪತ್ರಗಳಿಗೆ ಮಣ್ಣಿನದೇ ಲಕೋಟೆ. ಒಳಗಿನ ಕರಾರನ್ನೇ ಲಕೋಟೆಯ ಮೇಲೂ ಬರೆದು ಸಾಕ್ಷಿಗಳ ಮುದ್ರೆ ಒತ್ತಿಸುತ್ತಿದ್ದರು. ಯಾರಾದರೂ ಹೊರಗಿನದನ್ನು ತಿದ್ದಿದ್ದಾರೆ ಅಂತ ತಕರಾರು ಬಂದರೆ, ಲಕೋಟೆ ಒಡೆದು ಒಳಗಿನದನ್ನು ನೋಡುವುದು. ಮುದ್ರೆ ಇಲ್ಲದವರು ಉಗುರು ಒತ್ತುತ್ತಿದ್ದರು, ಇಲ್ಲವೇ ಬಟ್ಟೆಯ ಅಂಚು. ನಮ್ಮ ಹೆಬ್ಬೆಟ್ಟಿನ ಹಾಗೆಯೇ.

ಮಲ್ಲೇಶ್ವರದವಳು:

ಪತ್ರ ಬರೆಯುವ ಸಾರ್ ಹೇಳಿದ್ದು ನೋಡಿದರೆ, ನ್ಯಾಯ ನಡೆಯುತ್ತಿದ್ದದ್ದು ಈ ಸಣ್ಣ ಹಲಗೆಗಳಿಂದಲೇ ಅಂತ ನನಗೆ ಅನ್ನಿಸುತ್ತದೆ. ಆ ಕಾಲದ ಕರಾರು, ತೀರ್ಪು ಸಾವಿರಗಟ್ಟಲೆ ಸಿಕ್ಕಿವೆ. ಹಮ್ಮುರಾಬಿಯ ಇಂಥ ಕಾನೂನಿನ ಪ್ರಕಾರ ಅಂತ ಅವು ಹೇಳುವುದೇ ಇಲ್ಲ ಅನ್ನಬಹುದು. ಅವನ ಕಾನೂನು ಕೆತ್ತಿದ ಎರಡೂಕಾಲು ಮೀಟರ್ ಎತ್ತರದ ಕಪ್ಪು ಕಲ್ಲು ಇದೆಯಲ್ಲ, ಮೇಲೆ ಸೂರ್ಯದೇವರ ಎದುರು ನಿಂತ ರಾಜ, ಅದು ಹೆಚ್ಚಾಗಿ ರಾಜ ಎಂಥ ನ್ಯಾಯವಂತ ಅಂತ ತೋರಿಸುವುದಕ್ಕೆ. ಆಮೇಲೆ ಪಕ್ಕದ ರಾಜ್ಯ ಎಲಾಮಿನ ರಾಜ ಅದನ್ನು ಲೂಟಿ ಮಾಡಿ, ಈಗಿನ ಇರಾನಿನಲ್ಲಿರುವ ಸೂಸಾಗೆ ಹೊತ್ತುಕೊಂಡು ಹೋದ. ಫ್ರೆಂಚರು 1901–02ರಲ್ಲಿ ಅಗೆದು ತೆಗೆದರು, ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ.

ಕಲ್ಲು_ಹುಡುಕುವವ:

ಅದೇ ಕಲ್ಲಿನ ಕೊನೆಗೆ ಶಾಪ ಇದೆ, ಅದನ್ನು ಹೇಳಿ ಮೇಡಂ. ನನ್ನ ಮಾತು ಅಳಿಸಿದವನ ರಾಜ್ಯ ಹಾಳಾಗಲಿ ಅಂತ ಒಂದೊಂದು ದೇವರ ಹೆಸರಲ್ಲೂ ಉದ್ದಕ್ಕೆ. ನಮ್ಮ ದಾನಶಾಸನ ಓದಿದವರಿಗೆ ಇದು ಹಳೆಯ ಪರಿಚಯ. ಈ ಧರ್ಮ ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನು, ಅಲ್ವಾ?

ವಿಜಯನಗರ_ಬಿಸಿಲು:

ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ 233 ಓದಿ ಹೇಳಿದೆ. "ನಮ್ಮ ಕಂಟ್ರಾಕ್ಟರ್ ಜೊತೆ ಬರೆದ ಪತ್ರ ಇದೆಯಾ?" ಅಂತ ಕೇಳಿದಳು. ಇಲ್ಲ, ಬರೀ ಬಾಯಿಮಾತು. ಇರುವುದು ಒಂದೇ ಮೆಸೇಜು: "ಟೆನ್ಷನ್ ತಗೋಬೇಡಿ ಸಾರ್, ನಾನಿದ್ದೀನಿ."

ಪತ್ರ_ಬರೆಯುವವ:

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ ಸಾರ್. ಮುಂದಿನ ಸಲ ಇಟ್ಟಿಗೆ ಇಳಿಸುವ ಮೊದಲೇ ಬನ್ನಿ, ಸಾಕ್ಷಿಗೆ ಇಬ್ಬರನ್ನು ಕರೆದುಕೊಂಡು ಬನ್ನಿ.